ಕೊನೆಯ ಪಾಳಿಯ ಸ್ನಾನ

ಬಿಸಿನೀರಣ್ಣನ ಕಿವಿಯ ಬಗ್ಗೆ ನಮ್ಮ ಬೀದಿಯಲ್ಲಿದ್ದ ಕತೆಗಳನ್ನೆಲ್ಲ ಬರೆಯಲು ಕೂತರೆ ಕಾಗದದ ಕಾರ್ಖಾನೆಯಲ್ಲೇ ಕಾಗದ ಮುಗಿದೀತು. ಗೀಸರ್ ರಿಪೇರಿ ಅವನ ಕಸುಬು. ಟ್ಯಾಂಕಿನ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿ ಕೊಟ್ಟು, "ಒಳಗೆ ಎರಡು ಸೇರು ಸುಣ್ಣ ಕಟ್ಟಿದೆ" ಅನ್ನುತ್ತಿದ್ದ. ಬಿಚ್ಚಿ ಅಳೆದರೆ ಒಂದು ಚಿಟಿಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರನೆಯ ಬೀದಿಯಲ್ಲಿ ವಾಷರ್ ಸವೆದರೆ ಇಲ್ಲಿ ಇವನಿಗೆ ಊಟದ ನಡುವೆ ಬಿಕ್ಕಳಿಕೆ ಬರುತ್ತಿತ್ತು. ಇದು ನಾನು ಕಟ್ಟಿದ ಸುಳ್ಳಲ್ಲ, ಅವನೇ ಕಟ್ಟಿದ್ದು.

ಅವನ ಮನೆಯ ಟ್ಯಾಂಕನ್ನು ಮದುವೆಯಾದ ವರ್ಷ ಹಳೆಯ ಬಿಡಿಭಾಗ ಜೋಡಿಸಿ ತಾನೇ ಮಾಡಿದ್ದ. ಹಿಡಿಯುತ್ತಿದ್ದುದು ಮೂರು ಬಕೆಟ್ಟು. ಮೊದಲನೆಯದು ಅವನಿಗೆ, ಕೆಲಸಕ್ಕೆ ಹೊರಡಬೇಕಲ್ಲ. ಎರಡನೆಯದು ತಾಯಿಗೆ. ಮೂರನೆಯದು ಮಗಳಿಗೆ. ತಾಯಿ ತೀರಿಕೊಂಡ ಮೇಲೆ ಅವರ ಬಕೆಟ್ಟು ಮಗಳ ಉದ್ದ ಜಡೆಯ ಪಾಲಾಯಿತು. ಹೆಂಡತಿಯ ಸ್ನಾನ ಎಲ್ಲರದೂ ಆದ ಮೇಲೆ. ಹಾಗೆಂದು ಯಾರೂ ಕೂತು ತೀರ್ಮಾನಿಸಿರಲಿಲ್ಲ.

ಆಕೆಯ ಬೆರಳುಗಳು ಈಚೆಗೆ ಬೆಳಿಗ್ಗೆ ಮಡಚುತ್ತಿರಲಿಲ್ಲ. ಗಂಟುಗಳು ಊದಿ, ಹಿಟ್ಟು ಕಲಸುವುದಕ್ಕೂ ಕಣ್ಣಲ್ಲಿ ನೀರು. "ದಿನಾ ಬಿಸಿನೀರಿನ ಸ್ನಾನ ಮಾಡಿ. ಇಲ್ಲದಿದ್ರೆ ಕೈ ಹೀಗೇ ಸೆಟೆದುಕೊಳ್ಳತ್ತೆ" ಎಂದರು ಡಾಕ್ಟರು. ಬಿಸಿನೀರಣ್ಣ ಕೊಠಡಿ ಅದುರುವಂತೆ ನಕ್ಕ. "ನಮ್ಮನೇಲಿ ಬಿಸಿನೀರಿಗೆ ಬರವೇ, ಡಾಕ್ಟ್ರೇ?" ಹೆಂಡತಿಯೂ ನಕ್ಕಳು, ಸ್ವಲ್ಪ.

ಹದಿನಾಲ್ಕು ತೇಪೆ ಹೊತ್ತಿದ್ದ ಟ್ಯಾಂಕು ಒಂದು ದಿನ ತಳ ಬಿಟ್ಟುಕೊಂಡಿತು.

"ಟ್ಯಾಂಕಿಲ್ಲದ ಗ್ಯಾಸ್ ಗೀಸರ್ ತರೋಣ, ಅಪ್ಪ," ಎಂದಳು ಮಗಳು. "ನಲ್ಲಿ ತಿರುಗಿಸಿದ ತಕ್ಷಣ ಬಿಸಿ. ಮುಗಿಯೋದೇ ಇಲ್ಲ."

"ಹೊಟ್ಟೇನೇ ಇಲ್ಲದೋನು ನಾಲ್ಕು ಜನಕ್ಕೆ ಊಟ ಹಾಕ್ತಾನಂತೆ!"

"ಊರಿಗೆಲ್ಲ ನೀವೇ ಕೂರಿಸ್ತಿದ್ದೀರಲ್ಲ?"

"ಊರೋರ ಮನೆ ಬೇರೆ, ನಮ್ಮನೆ ಬೇರೆ ಕಣೇ."

ಮಗಳು ತಂದೇಬಿಟ್ಟಳು. ಅವನು ಸವತಿಯ ಕೂಸನ್ನು ತೊಟ್ಟಿಲಿಗೆ ಹಾಕುವವಳಂತೆ ಮುಖ ಮಾಡಿಕೊಂಡು ಅದನ್ನು ಹಿತ್ತಿಲ ಗೋಡೆಗೆ ಕೂರಿಸಿದ. ಆ ಯಂತ್ರಕ್ಕೊಂದು ಹಟವಿದೆ: ನೀರು ರಭಸವಾಗಿ ಹರಿದರೆ ಮಾತ್ರ ಟಕ್ ಎಂದು ಹೊತ್ತಿಕೊಳ್ಳುತ್ತದೆ. ಗಿರಾಕಿಗಳ ಮನೆಯಲ್ಲಿ ಅವನು ಇದನ್ನು ಗಿಣಿಗೆ ಹೇಳಿದಂತೆ ಹೇಳುತ್ತಿದ್ದ: "ನಲ್ಲಿ ಸಣ್ಣಗೆ ಬಿಟ್ರೆ ಹೊತ್ತೋದಿಲ್ಲ ಅಮ್ಮ, ಪೂರ್ತಿ ಬಿಡಿ. ಟಕ್ ಅನ್ಬೇಕು." ತನ್ನ ಮನೆಯಲ್ಲಿ ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು, ಒಂದು ಮಾತೂ ಆಡದೆ ಹೊರಟುಹೋದ.

ವರ್ಷ ಕಳೆದು ಮತ್ತೆ ಚಳಿ ಬಂತು. ಏಣಿಯಿಂದ ಬಿದ್ದು ಕಾಲು ಉಳುಕಿಸಿಕೊಂಡ ಬಿಸಿನೀರಣ್ಣ ಹಿತ್ತಿಲಲ್ಲಿ, ಯಂತ್ರದ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂತ. ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದಳು: ಟಕ್. ಆಮೇಲೆ ಹೆಂಡತಿ ಹೋದಳು. ನೀರು ಬೀಳುವ ಸಣ್ಣ ಸದ್ದು, ಚೊಂಬಿನ ಸದ್ದು. ಟಕ್ ಇಲ್ಲ. ಬಟ್ಟೆ ಒಗೆಯುತ್ತಿರಬೇಕು ಅಂದುಕೊಂಡ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಕುಂಟುತ್ತ ಹೋಗಿ ಬಾಗಿಲು ತಟ್ಟಿದ.

"ಏ, ನೀರು ಬಿಸಿ ಇದ್ಯೇನೇ?"

"ನನ್ನ ಪಾಳಿಗೆ ಯಾವತ್ತಿತ್ತು?" ಒಳಗಿನಿಂದ ಬಂತು ಉತ್ತರ.

"ಇದ್ರಲ್ಲಿ ಮುಗಿಯೋದಿಲ್ವಲ್ಲೇ!"

"ಮಗಳೂ ಹಾಗೇ ಅಂದ್ಲು. ನಾನೂ ಪೋಲಾಗ್ಬಾರ್ದು ಅಂತ ದಾರದಷ್ಟು ಸಣ್ಣಗೇ ಬಿಡ್ತೀನಿ. ಆದ್ರೂ ನನಗೆ ಉಳಿಯಲ್ಲ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಹಳೇದ್ರಲ್ಲಿ?"

"ಅದ್ರಲ್ಲೂ ಅಷ್ಟೆ. ಇವಳು ಹುಟ್ಟಿದಾಗ ಹತ್ತು ದಿನ ನಿಮ್ಮಮ್ಮ ಒಲೇಲಿ ಕಾಯ್ಸಿ ಹಾಕಿದ್ರು. ಆಮೇಲಿಲ್ಲ."

ಇವಳಿಗೆ, ಅಂದರೆ ಮಗಳಿಗೆ, ಆಗ ಇಪ್ಪತ್ತಾರು ವರ್ಷ.

"ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?"

"ಯಾರಿಗೆ? ಬಿಸಿನೀರಣ್ಣಂಗಾ? ಟ್ಯಾಂಕು ಚಿಕ್ಕದಾಯ್ತು ಅಂತ ಒಂದ್ಸಲ ಅಂದಿದ್ದಕ್ಕೆ ಮೂರು ದಿನ ಊಟ ಬಿಟ್ರಿ. ನೆನಪಿದ್ಯಾ?"

ಅವನಿಗೆ ನೆನಪಿರಲಿಲ್ಲ. ಊರಿನ ಟ್ಯಾಂಕುಗಳ ಹೊಟ್ಟೆನೋವೆಲ್ಲ ಕೇಳಿಸಿಕೊಂಡ ಕಿವಿ ಅದು. ಗೋಡೆಯಾಚೆ ಹೆಂಡತಿಯ ಹಲ್ಲು ಕಟಕಟಿಸಿದ್ದು ಮಾತ್ರ ಕೇಳಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲು ತಾನೇ ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದ. ಹಿತ್ತಿಲಲ್ಲಿ ಟಕ್ ಅಂದಿತು. ಹಬೆ ಎದ್ದು ಕನ್ನಡಿ ಮಸುಕಾಯಿತು. ಬಕೆಟ್ಟು ತುಂಬಿಸಿ, "ಇವತ್ತು ಮೊದಲ ಪಾಳಿ ನಿಂದು, ಹೋಗು" ಅಂದ. ಅವಳು ಆ ಊದಿದ ಬೆರಳುಗಳಿಂದ ಚಿಲಕ ಹಾಕಿಕೊಳ್ಳುವುದಕ್ಕೆ ತುಂಬ ಹೊತ್ತು ಹಿಡಿಯಿತು.

ಅವನು ಕುರ್ಚಿಯಲ್ಲಿ ಕೂತು ಕಿವಿ ಕೊಟ್ಟ. ಒಂದು ಚೊಂಬು ನೀರು ಬಿತ್ತು. "ಸ್ಸ್" ಎಂದಳು. ಆಮೇಲೆ ಸದ್ದಿಲ್ಲ.

"ಏನಾಯ್ತೇ?"

"ಸುಡತ್ತೆ ರೀ. ಮೈಗೆ ಅಭ್ಯಾಸ ಇಲ್ಲ."

ತಣ್ಣೀರಿನ ನಲ್ಲಿಯನ್ನು ಅವಳು ಪೂರ್ತಿ ತಿರುಗಿಸಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.