ಬೀಗದ ಚಿಕ್ಕಪ್ಪ ಕಂಪ್ಯೂಟರ್ ಕಟ್ಟಿದ್ದು

ನಮ್ಮ ಚಿಕ್ಕಪ್ಪನ ಕಸುಬು ಬೀಗ ರಿಪೇರಿ. ಕೀಲಿ ಕೂರಲಿಲ್ಲವೆಂದು ತಾವೇ ಅರ ಹಿಡಿದು ಉಜ್ಜಿ, ಕೆಡಿಸಿಕೊಂಡು ಬರುವ ಗಿರಾಕಿಗಳನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಕೇಳೋಕೆ ಬಾಯಿರಲಿಲ್ವಾ?" ಎಂದು ಎಲ್ಲರೆದುರೇ ಬೆವರಿಳಿಸುತ್ತಿದ್ದ. ತಾನು ಮಾತ್ರ ಯಾರನ್ನೂ ಏನೂ ಕೇಳಿದವನಲ್ಲ.

ಚಿಕ್ಕಮ್ಮ ಕಟ್ಟಡಗಳ ನಕ್ಷೆ ಬರೆಯುವವಳು. ಅವಳು ದುಡಿಯುತ್ತಿದ್ದ ಕಚೇರಿ ಬಾಗಿಲು ಹಾಕಿತ್ತು. ಗುತ್ತಿಗೆದಾರರೊಬ್ಬರು, ಆರು ಅಂತಸ್ತಿನ ನಕ್ಷೆಯೊಂದನ್ನು ಶುಕ್ರವಾರದೊಳಗೆ ಮುಗಿಸಿಕೊಟ್ಟರೆ ಖಾಯಂ ಕೆಲಸ ಎಂದಿದ್ದರು. ಮನೆಯ ಹಳೆಯ ಕಂಪ್ಯೂಟರ್ ಮೂರನೆಯ ಅಂತಸ್ತಿಗೇ ಕೈಚೆಲ್ಲಿ ಕೂತಿತು.

"ನಾನೇ ಹೊಸದು ಕಟ್ಟಿಕೊಡ್ತೀನಿ" ಎಂದ ಚಿಕ್ಕಪ್ಪ.

"ಪ್ರೊಸೆಸರ್ ಸಾಧಾರಣದ್ದು ಸಾಕು ರೀ. ಮೆಮೊರಿ ಜಾಸ್ತಿ ಬೇಕು, ಅದು ಮೇಜಿದ್ದ ಹಾಗೆ. ಮೇಜು ಚಿಕ್ಕದಾದ್ರೆ ಕೈ ಎಷ್ಟು ಚುರುಕಿದ್ದು ಏನು, ನಕ್ಷೆ ಹರಡೋದೆಲ್ಲಿ?"

ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಮಂಗಳವಾರ ಅಂಗಡಿಯಲ್ಲಿದ್ದ ಅತಿ ದೊಡ್ಡ ಪ್ರೊಸೆಸರನ್ನೂ, ಭಾಗಗಳನ್ನೆಲ್ಲ ಕೂರಿಸುವ ಬೋರ್ಡೊಂದನ್ನೂ, ಈಗಷ್ಟೇ ಬಂದ ಹೊಸ ಬಗೆಯ ಮೆಮೊರಿ ಪಟ್ಟಿ ಒಂದನ್ನೂ ಹೊತ್ತು ತಂದ. ಪ್ರೊಸೆಸರಿನ ಪೆಟ್ಟಿಗೆಯನ್ನು ಒಡೆಯದೆ ಪಕ್ಕಕ್ಕಿಟ್ಟು, ಸುಲಭದ್ದು ಮೊದಲು ಎಂದು ಮೆಮೊರಿಗೆ ಕೈ ಹಾಕಿದ. ಅದು ಬೋರ್ಡಿನಲ್ಲಿ ಕೂರಲಿಲ್ಲ. ಪಟ್ಟಿಯ ಅಂಚಿನ ಕಚ್ಚು ಒಂದು ಕೂದಲೆಳೆಯಷ್ಟು ಆಚೆಗಿತ್ತು. ಬೋರ್ಡು ಹಳೆಯ ಬಗೆಯ ಮೆಮೊರಿಗೆ ಮಾಡಿದ್ದು.

ಬೀಗದವನ ಕೈ. ಕಚ್ಚು ಕಂಡ ಕೂಡಲೇ ಅರ ಎತ್ತಿಕೊಂಡ. ಎದುರಿಗೇ ಕೂತಿದ್ದ ನಾನು, ಅವನಿಗಿಂತ ನನಗೇನು ಗೊತ್ತು ಎಂದು ಬಾಯಿ ಮುಚ್ಚಿಕೊಂಡಿದ್ದೆ. ಆ ಪಾಪದಲ್ಲಿ ನನಗೂ ಪಾಲಿದೆ.

ಚಿಕ್ಕಮ್ಮ ಒಳಗೆ ಬಂದಾಗ ಮೇಜಿನ ಮೇಲೆ ಪಟ್ಟಿಯನ್ನು ಉಜ್ಜಿದ ಹಸಿರು ಪುಡಿ ಬಿದ್ದಿತ್ತು. ಅವಳು ಪುಡಿಯನ್ನು ನೋಡಿದಳು, ಗಂಡನ ಕೈಯಲ್ಲಿದ್ದ ಅರವನ್ನು ನೋಡಿದಳು. ಬೈದಿದ್ದರೆ ವಾಸಿಯಿತ್ತು. "ಇನ್ನು ಮೂರೇ ದಿನ ಇರೋದು" ಎಂದು ಸುಮ್ಮನೆ ಕುರ್ಚಿಯಲ್ಲಿ ಕುಸಿದಳು.

ಚಿಕ್ಕಪ್ಪ ಅರವನ್ನು ಡಬ್ಬಿಯಲ್ಲಿಟ್ಟು, ಪಟ್ಟಿಯನ್ನೂ ಪ್ರೊಸೆಸರಿನ ಪೆಟ್ಟಿಗೆಯನ್ನೂ ಎತ್ತಿಕೊಂಡು ಚಪ್ಪಲಿ ಮೆಟ್ಟಿದ. "ನೀನೂ ಬಾ" ಎಂದ ಅವಳಿಗೆ. ನಾನೂ ಹಿಂದೆಯೇ ಹೊರಟೆ.

ಅಂಗಡಿಯ ಹುಡುಗಿ ಪಟ್ಟಿಯನ್ನು ತಿರುಗಿಸಿ ನೋಡಿದಳು. "ಇದನ್ನ ಉಜ್ಜಿದ್ಯಾರು?"

"ನಾನೇ ಕಣಮ್ಮ" ಎಂದ ಚಿಕ್ಕಪ್ಪ. ಅವನ ಕಿವಿ ಕೆಂಪಗಾಗಿತ್ತು.

"ಇದು ವಾಪಸ್ ಆಗಲ್ಲ. ಪ್ರೊಸೆಸರಿನ ಪೆಟ್ಟಿಗೆ ಒಡೆದಿಲ್ಲವಲ್ಲ, ಅದನ್ನ ಬದಲಾಯಿಸಿ ಕೊಡ್ತೀನಿ. ಯಾವ ಕೆಲಸಕ್ಕೆ ಬೇಕಿತ್ತು?"

ಚಿಕ್ಕಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, "ಕೂತು ಕೆಲಸ ಮಾಡೋಳು ಇವಳು. ಇವಳನ್ನ ಕೇಳಿ" ಎಂದ.

ಸಾಧಾರಣ ಪ್ರೊಸೆಸರ್, ಬೋರ್ಡಿಗೆ ಹೊಂದುವ ಮೆಮೊರಿ ಎರಡು ಪಟ್ಟಿ. ಮನೆಗೆ ಬಂದು ಒತ್ತಿದಾಗ ಎರಡೂ ಟಕ್ಕೆಂದು ಕೂತವು. ಶುಕ್ರವಾರ ಮಧ್ಯಾಹ್ನ ಆರೂ ಅಂತಸ್ತು ಒಟ್ಟಿಗೆ ಪರದೆಯ ಮೇಲೆ ತೆರೆದುಕೊಂಡವು. ಸಂಜೆಗೆ ಚಿಕ್ಕಮ್ಮ ನಕ್ಷೆ ಒಪ್ಪಿಸಿದಳು, ಕೆಲಸ ಖಾಯಂ ಆಯಿತು.

ಮರುವಾರ ನಾನು ಬೀಗದಂಗಡಿಯಲ್ಲಿದ್ದಾಗ ಒಬ್ಬ ಮುದುಕ ಉಜ್ಜಿ ಕೆಡಿಸಿದ ಕೀಲಿ ಹಿಡಿದು, ಬೈಸಿಕೊಳ್ಳಲು ಸಿದ್ಧನಾಗಿಯೇ ಬಂದು ನಿಂತ. ಚಿಕ್ಕಪ್ಪ ಕೀಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಸ್ಟೂಲನ್ನು ಅವನ ಕಡೆ ತಳ್ಳಿದ.

"ಕೂತ್ಕೊಳ್ಳಿ ಯಜಮಾನ್ರೇ. ಬೀಗ ತೆಗೀಲಿ ಅಂತ ಮನೇಲಿ ಯಾರು ಕಾಯ್ತಿದಾರೆ?"