ಮಂಡಕ್ಕಿ ಮುಟ್ಟದ ಮೀನು

ಕೆರಿಬಿಯನ್ ಸಮುದ್ರದಲ್ಲಿ ಸೊಂಟದವರೆಗಿನ ನೀರಿಗಿಳಿದು ನಮ್ಮತ್ತೆ ಮಂಡಕ್ಕಿ ಚೆಲ್ಲುತ್ತಿದ್ದರು, ಶೃಂಗೇರಿ ಹೊಳೆಯ ಮೀನುಗಳಿಗೆ ಹಾಕುವ ಹಾಗೆ. ನಮ್ಮ ಪ್ರವಾಸಿ ಹಡಗು ಅಲ್ಲಿನ ದ್ವೀಪವೊಂದರಲ್ಲಿ ನಿಲ್ಲುವುದು ಐದೇ ಗಂಟೆ. ಮೊರದಷ್ಟು ಅಗಲದ, ಚಾವಟಿಯಂಥ ಬಾಲದ ಚಪ್ಪಟೆ ತೊರಕೆ ಮೀನುಗಳು ಕಾಲು ಸವರಿಕೊಂಡು ಹೋಗುತ್ತಿದ್ದವು. ಭದ್ರಾವತಿಯಿಂದ ತಂದ ಮಂಡಕ್ಕಿಯನ್ನು ಅವು ಮೂಸಿಯೂ ನೋಡಲಿಲ್ಲ. ಗೈಡ್ ಹಸಿ ಮೀನಿನ ತುಂಡು ಚಾಚಿದ. ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಅತ್ತೆಗೆ ಅದು ಬೇಡವೆಂದು ನಾನು ಅಡ್ಡ ಬಂದೆ.

"ಹಸ್ಕೊಂಡು ಬಂದಿದಾವೆ, ಬಿಡು ಮಾರಾಯ್ತಿ," ಎಂದು ಅತ್ತೆ ತುಂಡು ಹಿಡಿದು ಬಲಗೈಯನ್ನು ನೀರಿಗಿಳಿಸಿದರು. ದೊಡ್ಡದೊಂದು ಮೀನು ಅವರ ಅಂಗೈ ಮೇಲೆ ಮೈಚೆಲ್ಲಿ, ಹೊಟ್ಟೆಯಡಿಯ ಬಾಯಿಂದ ಅದನ್ನು ಎಳೆದುಕೊಂಡಿತು. ಅತ್ತೆ ಇನ್ನೊಂದು ಕೈಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮಿಟುಕಿಸದೆ ನಿಂತಿದ್ದರು.

ಈಗಲೂ ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲ. ಆದರೆ ಬೀದಿಯಲ್ಲಿ ಮೀನಿನವನ ಕೂಗು ಕೇಳಿದರೆ ಅತ್ತೆ ಬಲಗೈ ಬಿಚ್ಚಿ ಒಮ್ಮೆ ನೋಡಿಕೊಳ್ಳುತ್ತಾರೆ.