ಇಲ್ಲದ ಬ್ರೇಕು ತುಳಿಯುವ ಭಾವ

ಭಾವನ ಬಲಗಾಲಿನ ಹೆಬ್ಬೆರಳು ಕಾರಿನ ನೆಲಹಾಸನ್ನು ಒತ್ತಿ ಒತ್ತಿ ಬೆಳ್ಳಗಾಗುತ್ತಿತ್ತು. ನಾನು ಓಡಿಸುವಾಗ ಪಕ್ಕದಲ್ಲಿ ಕೂತು, ಅಲ್ಲಿ ಇಲ್ಲದ ಬ್ರೇಕನ್ನು ಅವರು ತುಳಿಯುತ್ತಿದ್ದುದು ಹಾಗೆ.

ನನ್ನ ಗಂಡನ ಅಣ್ಣ. ಪೇಟೆಯೊಳಗೆ ಚಾಲಕನಿಲ್ಲದೆ ಓಡುವ ಕಾರುಗಳಿಗೆ ಎಲ್ಲಿ ತಿರುಗಬೇಕು, ಯಾವಾಗ ನಿಲ್ಲಬೇಕು ಎಂದು ಕಲಿಸುವ ವ್ಯವಸ್ಥೆ ರೂಪಿಸುವುದು ಪುಣೆಯಲ್ಲಿ ಅವರ ಉದ್ಯೋಗ. ಸ್ವಂತಕ್ಕೆ ಲೈಸೆನ್ಸ್ ಇಲ್ಲ. ನಮ್ಮೂರು ಕುಂಬಳೆಯಲ್ಲಿ ನಾವೆಲ್ಲ ಕೈ ಎತ್ತಿ, ಡ್ರೈವರನ ಮುಖ ನೋಡಿ ರಸ್ತೆ ದಾಟಿದರೆ, ಅವರು ಕೊಡೆ ಹಿಡಿದು ಕಂಬದ ಹಾಗೆ ನಿಲ್ಲುತ್ತಿದ್ದರು. ನಾನೇ ಹೋಗಿ ದಾಟಿಸಬೇಕು.

ಗಂಡನ ಕಣ್ಣಿನ ಆಪರೇಶನ್ ಆದ ವರ್ಷ, ನಲವತ್ತಾರು ದಾಟಿದ ಮೇಲೆ ನಾನು ಕಾರು ಕಲಿತೆ. ಟೆಸ್ಟ್ ಪಾಸಾದದ್ದು ದೇವರ ದಯೆ. ಆಗ ಎರಡು ತಿಂಗಳು ನಮ್ಮಲ್ಲಿದ್ದ ಭಾವ, ನಾನು ಸ್ಟಿಯರಿಂಗಿಗೆ ಕೈಮುಗಿಯುವುದನ್ನು ಕಂಡು ನಕ್ಕರು.

"ನಿನ್ನ ದೇವರು ಬ್ರೇಕ್ ಹಾಕ್ತಾನಾ ಮಾರಾಯ್ತಿ?"

"ನೀವು ಇದ್ದೀರಲ್ಲ ಭಾವ, ಅಲ್ಲಿಂದಲೇ ಹಾಕ್ಲಿಕ್ಕೆ."

ಊಟಕ್ಕೆ ಕೂತರೂ ಕಾರಿನದ್ದೇ ಪಾಠ. ಗಂಜಿಯ ಬಟ್ಟಲು ನಿಂತ ಬಸ್ಸು, ಮಾವಿನ ಮಿಡಿ ಅದರ ಮರೆಯಲ್ಲಿರುವ ಮನುಷ್ಯ, ಚಮಚ ನಮ್ಮ ಕಾರು. "ಮಿಡಿ ಕಾಣ್ತದಾ? ಇಲ್ಲ. ಕಾಣುದಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ಉಂಟು ಅಂತಲೇ ತಿಳ್ಕೊಂಡು ಸ್ಪೀಡು ಇಳಿಸ್ಬೇಕು." ಪಾಠ ಮುಗಿದರೆ ಬಸ್ಸು, ಮನುಷ್ಯ, ಕಾರು ಎಲ್ಲವನ್ನೂ ಎಂಜಲಿನ ಸಮೇತ ಬಿಟ್ಟು ಎದ್ದುಹೋಗುತ್ತಿದ್ದರು. ಮರೆಯಲ್ಲಿರುವವನ ಮೇಲೆ ಇಷ್ಟು ಕಾಳಜಿ; ಎದುರಿಗಿದ್ದು ಪಾತ್ರೆ ತೊಳೆಯುವವಳು ಮಾತ್ರ ಕಾಣುವುದಿಲ್ಲ.

ಅವರು ಪುಣೆಗೆ ವಾಪಸು ಹೋಗಿ ವಾರವಾಗಿತ್ತಷ್ಟೆ. ಗಂಡನನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ಯುತ್ತಿದ್ದೆ. ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಪಕ್ಕದಲ್ಲಿ ರಸ್ತೆ ಖಾಲಿ, ಹಿಂದಿನಿಂದ ಒಂದೇ ಸಮನೆ ಹಾರ್ನು. ಆ ದರಿದ್ರ ಮಿಡಿ ನೆನಪಾಗಿ ಸಿಟ್ಟು ಬಂತು. ಸಿಟ್ಟಿನಲ್ಲೇ ಸ್ಪೀಡು ಇಳಿಸಿದೆ. ಬಸ್ಸಿನ ಮುಂದಿನಿಂದ ಶಿರಿಯದಿಂದ ಬರುವ ಮೀನಿನ ಹೆಂಗಸು, ತಲೆಯ ಮೇಲೆ ಬುಟ್ಟಿ ಹೊತ್ತು, ನೇರ ನನ್ನೆದುರಿಗೇ ಬಂದಳು. ಅವಳ ಸೀರೆಗೆ ಒಂದು ಗೇಣು ಇರುವಾಗ ಕಾರು ನಿಂತಿತು. ಬಾನೆಟ್ಟಿನ ಮೇಲೆ ಎರಡು ಬಂಗುಡೆ ಬಿದ್ದವು.

"ಎಂತ ಅಕ್ಕ, ಕಣ್ಣು ಕಾಣುದಿಲ್ವಾ?" ಎಂದು ನನಗೇ ಬೈದು, ಬಂಗುಡೆ ಎತ್ತಿಕೊಂಡು ಹೋದಳು.

"ಅಣ್ಣನಿಗೆ ಫೋನ್ ಮಾಡಿ ಹೇಳು," ಎಂದರು ನನ್ನವರು. ಇವತ್ತಿನವರೆಗೆ ಹೇಳಿಲ್ಲ. ಹೇಳಿದರೆ ಮುಂದಿನ ಸಲ ನನ್ನ ಅಡುಗೆಮನೆಯ ಪಾತ್ರೆಗಳೆಲ್ಲ ಬಸ್ಸಾಗುತ್ತವೆ. ಸಂಜೆ ದೀಪ ಹಚ್ಚುವಾಗ ಮಾತ್ರ, ಎಲ್ಲರ ಹೆಸರು ಮುಗಿದ ಮೇಲೆ, ಕೊನೆಯಲ್ಲಿ ಭಾವನದ್ದೂ ಹೇಳುತ್ತೇನೆ. ಕಾಣದ್ದು ಉಂಟು ಎಂದು ನಂಬಲು ನನಗೆ ಅವರ ಪಾಠ ಬೇಕಿರಲಿಲ್ಲ. ಆ ಬಸ್ಸಿನ ಹಿಂದೆ ಬೇಕಾಯಿತು.